ಹೀರಾಬಾಯಿ, ನಿಂಬರ್ಗಾ

ಮತ್ತೆ ಗುರ್ರೆಂದಿತು ಫೋನು, ತೊಡೆಯ ಮೇಲಿನ ಕ್ಯಾಮೆರಾ ಚೀಲದೊಳಗೆ, ತೆಗೆಯಬಾರದು, ಈಗಷ್ಟೇ ನೋಡಿದೆಯಲ್ಲ ಎಂದುಕೊಂಡು ಮಧುಮತಿ ಕಿಟಕಿಯ ಸರಳು ಹಿಡಿದಳು, ಹೊರಗೆ ತೊಗರಿ ಹೊಲ, ಅದು ಮುಗಿದರೆ ಇನ್ನೊಂದು ತೊಗರಿ ಹೊಲ, ಆಳಂದದ ಬಸ್ಸು ನಿಂಬರ್ಗಾ ಮುಟ್ಟಲು ಇನ್ನೂ ಅರ್ಧ ತಾಸು — ನೋಡಿದರೇನಾಯಿತು, ನೋಡಿಯೇಬಿಟ್ಟಳು, ನಾಲ್ಕು ಸಾವಿರದ ಇನ್ನೂರು ಮೆಚ್ಚುಗೆ. ಮುಂಜಾನೆ ಹಲ್ಲುಜ್ಜುವಾಗ ಎರಡು ಸಾವಿರ ಇತ್ತು. ಎರಡು ವರ್ಷದಿಂದ ತನ್ನ ಅಂಗಡಿಯ ಆ ಪುಟಕ್ಕೆ — ಮಧುಮತಿ ಫೋಟೋ ಸ್ಟುಡಿಯೋ, ಆಳಂದ, ಪಾಸ್‌ಪೋರ್ಟ್ ಫೋಟೋ ಐದೇ ನಿಮಿಷದಲ್ಲಿ — ಏನೆಲ್ಲ ಹಾಕಿದ್ದಳು, ಸೊನ್ನ ಬ್ಯಾರೇಜಿನ ಗೇಟು ತೆಗೆದ ದಿನದ ನೀರು, ಅಫಜಲಪುರ ಸಂತೆಯ ಬಳೆಗಾರ್ತಿ, ಯಾವುದಕ್ಕೂ ಮೆಚ್ಚುಗೆ ಹನ್ನೊಂದು ದಾಟಿರಲಿಲ್ಲ, ಹನ್ನೊಂದರಲ್ಲಿ ಒಂದು ತನ್ನದೇ, ಇನ್ನೊಂದು ಪಕ್ಕದಂಗಡಿಯಲ್ಲಿ ಬ್ಲೌಸು ಹೊಲಿಯುವ ಗೌಸಿಯಾಬೇಗಮ್‌ದು, ಆಕೆ ನೋಡದೆಯೂ ಒತ್ತುತ್ತಾಳೆ, ನಿನ್ನ ಫೋಟೋ ನೋಡೂದು ಯಾಕ ಮಧು, ಛಲೋ ಇರ್ತದ ಅಂತ ಗೊತ್ತದಲ್ಲ. ಈಗ ನಾಲ್ಕು ಸಾವಿರದ ಇನ್ನೂರು, ಯಾರೋ ಯಾರೋ, ಊರು ಕಾಣದವರು, ತನ್ನ ಕಣ್ಣು ಕಂಡದ್ದನ್ನು ಕಂಡವರು — ನಗು ಬಂತು, ಪಕ್ಕದ ಸೀಟಿನ ಮುದುಕ ತಿರುಗಿ ನೋಡಿದ, ಬಾಯಿ ಮುಚ್ಚಿಕೊಂಡಳು.

ಆ ಬಾಯಿ. ಹೀರಾಬಾಯಿಯ ಬಾಯಿ. ನಾಲ್ಕು ದಿನದ ಹಿಂದೆ, ಕಲ್ಯಾಣಪ್ಪನವರ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದವಳು ಎದ್ದು ನಿಂತು, ಬಿಸಿಲಿಗೆ ಕುಡುಗೋಲನ್ನೇ ಹುಬ್ಬಿನ ಮೇಲೆ ಅಡ್ಡ ಹಿಡಿದು, ಬಾಯಿ ತೆರೆದು ನಕ್ಕಿದ್ದಳು, ತಕ್ಕೊ ಬೇ ತಕ್ಕೊ, ಈ ಮಸಡಿ ಯಾರು ನೋಡ್ತಾರ, ಬಾಯಾಗ ಎರಡ ಹಲ್ಲ ಅದಾವ, ಎರಡೂ ಬರಂಗ ತಗಿ. ಎರಡೂ ಬಂದಿದ್ದವು. ಬಣ್ಣದಲ್ಲಿ ನೋಡಿದಾಗ ಏನೋ ಸಾಲದು ಅನಿಸಿತ್ತು, ಸೀರೆಯ ಕೆಂಪು ಕಣ್ಣನ್ನು ಎಳೆಯುತ್ತದೆ, ಕಲಬುರ್ಗಿಯ ಸಂಜೆ ತರಗತಿಯಲ್ಲಿ ಮಾಸ್ತರು ಹೇಳುತ್ತಿದ್ದರಲ್ಲ, ಬಣ್ಣ ತೆಗೆದರೆ ಮುಖ ಮಾತಾಡುತ್ತದೆ, ದಿನವೂ ಕೊನೆಯ ಬಸ್ಸಿನ ಚಿಂತೆಯಲ್ಲಿ ಅರ್ಧ ಪಾಠ ಕಿವಿಗೆ ಬೀಳುತ್ತಿರಲಿಲ್ಲ, ಇದು ಮಾತ್ರ ಬಿದ್ದಿತ್ತು, ಇನ್ನೊಂದು ಮಾತೂ ಬಿದ್ದಿತ್ತು, ಬಡವರ ಫೋಟೋ ಹೆಸರಿಲ್ಲದೆ ಹಾಕಬೇಡಿ, ಅದು ಕದ್ದ ಹಾಗೆ. ಹಾಗಾಗಿ ಬಣ್ಣ ತೆಗೆದು, ಸುತ್ತ ತೆಳ್ಳಗೆ ಬಿಳಿ ಅಂಚು ಕೊಟ್ಟು, ಕೆಳಗೆ ದುಂಡಗಿನ ಅಕ್ಷರದಲ್ಲಿ ಶ್ರೀಮತಿ ಹೀರಾಬಾಯಿ, ನಿಂಬರ್ಗಾ ಎಂದು ಬರೆದು, ಎಲ್ಲ ಸರಿಯಾಗಿದೆಯೇ ಎಂದು ಏಳು ಸಲ ನೋಡಿ, ನಿನ್ನೆ ಸಂಜೆ ಹಾಕಿದ್ದಳು. ಚೀಲದಲ್ಲಿ ಅದರದೇ ದೊಡ್ಡ ಪ್ರಿಂಟು ಇದೆ, ಆಕೆಗೆ ಕೊಡಲು. ಮತ್ತೆ ಮುಂಜಾನೆ ಬಂದ ಆ ಸಂದೇಶ, ಈವರೆಗೆ ಇಪ್ಪತ್ತು ಸಲ ಓದಿದ್ದು, ಹೈದರಾಬಾದಿನ ಫೋಟೋ ಪ್ರದರ್ಶನದವರದು, ನಿನ್ನೆಯೇ ಅವರಿಗೂ ಕಳಿಸಿದ್ದಳು, ನಿಮ್ಮ ಚಿತ್ರ ನಮ್ಮ ಆಯ್ಕೆಯ ಪಟ್ಟಿಯಲ್ಲಿದೆ, ತೀರ್ಪುಗಾರರು ಇಂದು ಸಂಜೆ ಪುಟದಲ್ಲೇ ನೋಡುತ್ತಾರೆ, ಅಲ್ಲಿಯವರೆಗೆ ದಯವಿಟ್ಟು ತೆಗೆಯಬೇಡಿ — ಯಾರಾದರೂ ತೆಗೆಯುತ್ತಾರೆಯೇ, ಹುಚ್ಚರೇ, ಹೈದರಾಬಾದಿನ ಗೋಡೆಯ ಮೇಲೆ ಆ ಎರಡು ಹಲ್ಲು! ಬಸ್ಸು ಗುಂಡಿಗಿಳಿದು ಎದ್ದಿತು, ಅವಳ ಎದೆಯೂ.

ಈತನಕ ಅಂಕಿಯನ್ನಷ್ಟೇ ನೋಡಿದ್ದಾಯಿತು, ಮಂದಿ ಏನು ಬರೆದಿದ್ದಾರೆ ಓದೋಣ, ನಿಧಾನವಾಗಿ, ಒಂದೊಂದೇ, ಹಬ್ಬದೂಟದ ಹಾಗೆ — ಮುಗಿದ ಕೈಗಳ ಚಿತ್ರ, ಮತ್ತೆ ಮುಗಿದ ಕೈ, ಎಷ್ಟೊಂದು ಮರ್ಯಾದೆ, ದುಡಿದ ಹೆಂಗಸಿಗೆ ಮಂದಿ ಕೈ ಮುಗಿಯುತ್ತಿದ್ದಾರೆ, ಕಣ್ಣು ತುಂಬಿತು, ಮುಂದಿನದು ಓಂ ಶಾಂತಿ, ಹೂಂ, ಮುಖದಲ್ಲಿ ಶಾಂತಿ ಇದೆ ಹೌದು, ಮುಂದಿನದು ದೊಡ್ಡ ಜೀವ ಹೋಯಿತು — ಹೋಯಿತು? ಎಲ್ಲಿಗೆ? ಭಾವಪೂರ್ಣ ಶ್ರದ್ಧಾಂಜಲಿ. ಮಣ್ಣು ಮಾಡುವುದು ಎಷ್ಟು ಗಂಟೆಗೆ ತಿಳಿಸಿ. ಆಗಲೇ ಗೌಸಿಯಾಬೇಗಮ್ ಫೋನು, ಹಲೋ ಕೂಡ ಇಲ್ಲ, ಏನ್ ಮಾಡಿದ್ಬೇ ಮಧು, ಅಂಗಡಿಗೆ ಬಂದೋರೆಲ್ಲ ಕೇಳಾಕತ್ತಾರ, ಬಣ್ಣಿಲ್ಲದ ಫೋಟೋ, ಸುತ್ತ ಬಿಳಿ ಪಟ್ಟಿ, ಕೆಳಗ ಹೆಸರು ಊರು, ನಮ್ಮ ಕಡಿ ಹಿಂಗ ಯಾರ್ದು ಹಾಕ್ತಾರ ಹೇಳು, ಸತ್ತೋರ್ದ ಅಲ್ಲೇನು? ಯಾ ಅಲ್ಲಾ, ನಾನೂ ನೋಡದೇ ಕೈ ಮುಗಿದ ಚಿತ್ರ ಒತ್ತೇನಲ್ಲ! ಅಂದರೆ ಕಲೆಗಲ್ಲ, ಈ ನಾಲ್ಕು ಸಾವಿರದ ಇನ್ನೂರೂ — ಈಗ ನಾಲ್ಕು ಸಾವಿರದ ಐನೂರು — ಹೆಣಕ್ಕೆ, ಇಲ್ಲದ ಹೆಣಕ್ಕೆ. ಬದುಕಿದವಳನ್ನು ತಾನು ಕೊಂದು, ಹೆಸರು ಊರು ಸಮೇತ ಸಾರಿದ್ದಳು. ತೆಗೆದುಬಿಡಬೇಕು, ಈಗಲೇ, ಹೆಬ್ಬೆರಳು ಅಳಿಸುವ ಗುರುತಿನ ಮೇಲೆ ಬಂತು, ಸಂಜೆಯವರೆಗೆ ದಯವಿಟ್ಟು ತೆಗೆಯಬೇಡಿ, ಬೆರಳು ಅಲ್ಲೇ ನಿಂತಿತು. ತೆಗೆಯದೆಯೇ ತಿದ್ದಬಹುದಲ್ಲ, ಹೀರಾಬಾಯಿಯವರು ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ, ದಯವಿಟ್ಟು ಗಮನಿಸಿ ಎಂದು ಬರೆದಳು, ಅದರ ಕೆಳಗೂ ಮೂವರು ಕೈ ಮುಗಿದರು, ಒಬ್ಬ ಬರೆದ, ಹೌದು ಅಕ್ಕಾ, ನಮ್ಮ ನೆನಪಿನ್ಯಾಗ ಸದಾ ಬದುಕಿರ್ತಾರ.

ಹೊಸ ನಂಬರಿನ ಫೋನು. ಸ್ಟುಡಿಯೋದವ್ರ ಏನ್ರಿ, ನಾ ಅಣ್ಣಾರಾಯ, ಜೇವರ್ಗಿ ತಾಲೂಕು ಅಂದೋಲಾದಿಂದ, ಹೀರಾಬಾಯಿ ನಮ್ಮ ದೊಡ್ಡವ್ವರಿ, ನಮ್ಮವ್ವ ರುಕ್ಮಿಣಿಬಾಯಿ ಅಕಿ ಖಾಸಾ ತಂಗಿ, ಒಂಬತ್ತು ವರ್ಷಾತು ಮಾತು ಬಿಟ್ಟು, ನನ್ನ ಲಗ್ನದಾಗ ದೊಡ್ಡವ್ವ ಆಯೇರಿ ಅಂತ ಉಡುಗೊರಿ ಕೊಟ್ಟ ಸೀರಿ ಒಳಗ ಹರದಿತ್ತಂತ, ಅಷ್ಟಕ್ಕ ನೋಡ್ರಿ, ಈಗ ಮುಂಜಾನಿಂದ ಬಾಯಿ ಬಡ್ಕೊಂಡು ಅಳಾಕತ್ತಾಳ, ಜೀಪ್ ಮಾಡ್ಕೊಂಡು ಹೊಂಟೀವಿ, ಕಲಬುರ್ಗಿ ದಾಟೀವಿ, ಹೆಣಾ ಎತ್ತಬ್ಯಾಡಂತ ಹೇಳ್ರಿ — ಅಣ್ಣಾರೇ, ಕೇಳ್ರಿ, ಅವರು ಸತ್ತಿಲ್ಲ ಎನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು, ತಿರುಗಿ ಮಾಡಿದರೆ ಹತ್ತಲಿಲ್ಲ. ಸತ್ತಿಲ್ಲ, ಹೌದು, ಆದರೆ ತಾನು ನೋಡಿ ನಾಲ್ಕು ದಿನವಾಯಿತು, ಅರವತ್ತೈದರ ಮೈ, ನಾಲ್ಕು ದಿನದಲ್ಲಿ ಏನೂ ಆಗಬಹುದು, ಇಷ್ಟು ಸಾವಿರ ಮಂದಿ ಸುಮ್ಮನೆ ಅನ್ನುತ್ತಾರೆಯೇ, ತನಗೇ ತಿಳಿಯದೆ ನಿಜವೇ ಆಗಿಬಿಟ್ಟಿದ್ದರೆ, ಚೀಲದಲ್ಲಿನ ಪ್ರಿಂಟು ಯಾವ ಗೋಡೆಗೆ — ಬಸ್ಸು ನಿಂತಿತು, ಇಳಿದಳು, ಚಹಾದ ಅಂಗಡಿಯವನನ್ನು ಕೇಳಿದಳು, ಹೀರಾಬಾಯಿ — ಹೀರಾಬಾಯೇನ್ರಿ, ಬೆಳಕು ಹರಿಯೂದಕ್ಕ ಹೊಲಕ್ಕ ಹೋಗ್ಯಾಳಲ್ರಿ. ಹೊಲಕ್ಕೆ ಹೋಗಿದ್ದಾಳೆ! ಅವನ ಕಾಲು ಹಿಡಿಯಬೇಕೆನಿಸಿತು. ಓಡಿದಳು, ಬದುವಿನ ಮೇಲೆ, ಚೀಲ ಬೆನ್ನಿಗೆ ಬಡಿಯುತ್ತ, ಅಲ್ಲಿ ಸಾಲಿನ ತುದಿಯಲ್ಲಿ ಕೆಂಪು ಸೀರೆ, ಎಂಥ ಕೆಂಪು, ಅದನ್ನೇ ತಾನು ತೆಗೆದುಹಾಕಿದ್ದು, ಅದೊಂದು ಇದ್ದಿದ್ದರೆ ಸಾಕಿತ್ತು, ಯಾರೂ ಕೈ ಮುಗಿಯುತ್ತಿರಲಿಲ್ಲ.

ಏನಾತು ಬೇ, ನಾಯಿ ಬೆನ್ ಹತ್ತೇದೇನು? ಮಧುಮತಿ ಎಲ್ಲ ಹೇಳಿದಳು, ಒಂದೇ ಉಸಿರಿಗೆ, ಫೋನು ತೆರೆದು ತೋರಿಸಿದಳು, ತಪ್ಪಾತು ಆಯಿ, ನಿಮ್ಮ ಕಣ್ಣ ಮುಂದನ ಅಳಿಸ್ತೇನಿ. ಹೀರಾಬಾಯಿ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು, ಎಟ್ಟು ಮಂದಿ? ಐದು ಸಾವಿರ. ನಾ ಸತ್ತಿದ್ದಕ್ಕ? ಹೂಂ. ಬಿದ್ದು ಬಿದ್ದು ನಕ್ಕಳು, ನನ್ನ ಗಂಡ ಸತ್ತಾಗ ನಾಕ ಮಂದಿ ಹೆಗಲಿಗಿ ಸಿಗವಲ್ರಾಗಿದ್ರು ಬೇ, ಇರ್ಲಿ, ಇರ್ಲಿ ಬಿಡು. ಆಮೇಲೆ ನಗು ನಿಂತು, ಅಂದೋಲಾದಿಂದ ಯಾರು ಅಂದಿ? ರುಕ್ಮಿಣಿಯಾ? ಅಕೀನ? ಅಕಿ ಬರ್ಲಿಕತ್ತಾಳ? ಕುಡುಗೋಲು ಕೆಳಗಿಟ್ಟಳು, ಸೆರಗು ಸರಿಮಾಡಿಕೊಂಡಳು, ಅಳಿಸಬ್ಯಾಡ ಬೇ, ನಾ ಅದೇನಿ ಅಂತ ತಿಳದ್ರ ಹಾದ್ಯಾಗಿಂದನ ಹೊಳ್ಳಿ ಹೋಗ್ತಾಳ, ಭಾಳ ಹಟಮಾರಿ ಅಕಿ, ಬಂದು ಮುಟ್ಟೂತನ ನಾ ಸತ್ತ ಇರ್ತೇನಿ. ಮಧುಮತಿಯ ಎದೆ ಜಿಗಿಯಿತು — ಹಾಗಾದರೆ ಸಂಜೆಯವರೆಗೂ ಇರಬಹುದು, ಆಕೆಯೇ ಹೇಳಿದಳಲ್ಲ, ತಾನು ಕೇಳಲಿಲ್ಲ — ಮರುಕ್ಷಣವೇ ನಾಚಿಕೆ, ಈ ಖುಷಿ ಯಾರದು, ಅಕ್ಕ ತಂಗಿ ಕೂಡುವುದಕ್ಕೋ, ಹೈದರಾಬಾದಿಗೋ, ಬೇರ್ಪಡಿಸಲು ನೋಡಿದಳು, ಆಗಲಿಲ್ಲ, ಎರಡೂ ಒಂದೇ ಎದೆಯಲ್ಲಿ ಕುಣಿಯುತ್ತಿದ್ದವು, ಅಲ್ಲಿ ಜೀಪಿನಲ್ಲಿ ಒಬ್ಬಳು ಎದೆ ಬಡಿದುಕೊಳ್ಳುತ್ತಿದ್ದಾಳೆ, ಆ ಪೆಟ್ಟು ನಿಜದ್ದು, ದಾರಿ ಇನ್ನೂ ಒಂದು ತಾಸಿನದು.

ಫೋನು ಗುರ್ರೆಂದಿತು. ಅದೇ ನಂಬರು. ಎತ್ತಿದರೆ ಅಣ್ಣಾರಾಯನಲ್ಲ, ಹೆಂಗಸು, ಸೋತು ಒಡೆದ ಸ್ವರ, ಯವ್ವಾ ನಮ್ಮಕ್ಕನ ಬಾಯಾಗ ನೀರಾರ ಬಿಟ್ರೇನ್ರಿ ಯಾರಾರ, ಯಾರಿದ್ರು ಹತ್ರ, ಹೇಳ್ರಿ ತಾಯಿ. ಏನು ಹೇಳಲಿ, ಬಿಟ್ಟರು ಎನ್ನಲೇ, ಎದುರಿಗೆ ಹೀರಾಬಾಯಿ ಕೈಸನ್ನೆ ಮಾಡುತ್ತಿದ್ದಾಳೆ, ಬ್ಯಾಡ, ಬ್ಯಾಡ, ಮಧುಮತಿಯ ಕೈ ತಾನಾಗಿ ಮುಂದೆ ಹೋಯಿತು, ಫೋನನ್ನು ಹೀರಾಬಾಯಿಯ ಕಿವಿಗೆ ಒತ್ತಿ ಹಿಡಿದಳು. ಅಕ್ಕಾ, ಅಕ್ಕಾ, ನಾ ಕೆಟ್ಟಾಕಿ, ಅಕ್ಕಾ — ಹೊಲದ ತುಂಬ ಕೇಳುವಷ್ಟು ದೊಡ್ಡದಾಗಿ. ಸನ್ನೆ ಮಾಡುತ್ತಿದ್ದ ಕೈ ಗಾಳಿಯಲ್ಲಿ ನಿಂತಿತು. ಕ್ಯಾಮೆರಾ ಬೆನ್ನ ಮೇಲಿತ್ತು, ತೆಗೆಯಬಹುದಿತ್ತು, ಇಂಥದ್ದು ಮತ್ತೆ ಸಿಗದು, ಮಧುಮತಿ ಅಲುಗಲಿಲ್ಲ, ಅಕ್ಕಾ, ಹೀರಾಬಾಯಿಯ ಬಾಯಿ ತೆರೆಯಿತು, ನಗಲೋ ಹೂಂಗುಡಲೋ, ತೆರೆದೇ ಉಳಿಯಿತು, ಕಣ್ಣೀರು ಇಳಿದು ಅದರೊಳಗೇ ಬಿತ್ತು, ಎರಡು ಹಲ್ಲು, ಅಕ್ಕಾ, ತೆರೆದ ಬಾಯಿ, ಎರಡು ಹಲ್ಲು —