ನೀಲಾವತಿಯ ಎಡಗೈ

ದುಬೈಯಲ್ಲಿ, ಅಂಗವಿಕಲರ ಕ್ರೀಡಾಕೂಟದ ಒಂದು ಕೋಣೆಯಲ್ಲಿ, ಇಬ್ಬರು ಡಾಕ್ಟರರು ನೀಲಾವತಿಯ ಎಡಗೈಯನ್ನು ಬಹಳ ಹೊತ್ತು ಪರೀಕ್ಷಿಸಿದರು. ಎತ್ತು ಎಂದರು, ಎತ್ತಿದಳು. ಭುಜದ ಮಟ್ಟಕ್ಕೆ ಬಂದು ನಿಂತಿತು. ಅಂಗೈ ಅಡ್ಡ ಹಿಡಿದು ದೂಡು ಎಂದರು, ದೂಡಿದಳು. ಹಿಂದಿನ ದಿನ ಊಟದ ಹೊತ್ತಿಗೆ ಬೇರೆ ರಾಜ್ಯದ ಓಟಗಾರ್ತಿಯೊಬ್ಬಳು, ಪೂರ್ತಿ ಶಕ್ತಿ ಹಾಕಬೇಡ ಎಂದು ಕಿವಿಯಲ್ಲಿ ಹೇಳಿದ್ದಳು. ಕೋಚ್ ಗಾಳೆಪ್ಪ ಮಾತ್ರ, "ಇದ್ದಷ್ಟು ಹಾಕು. ಸುಳ್ಳು ಹೇಳಿ ಓಡಾದು ಬ್ಯಾಡ" ಎಂದಿದ್ದ. ಅವಳು ಇದ್ದಷ್ಟೂ ಹಾಕಿದಳು.

ಮಧ್ಯಾಹ್ನ ಇನ್ನಿಬ್ಬರು ಬಂದು ಅದನ್ನೇ ಮಾಡಿಸಿದರು. ಆಮೇಲೆ ಒಂದು ಕಾಗದ ಕೊಟ್ಟರು. ಗಾಳೆಪ್ಪ ಓದಿ, ಕನ್ನಡಕ ತೆಗೆದ.

"ಏನಂತ್ರಿ ಸರ?"

"ನಿನ್ನ ಕೈಯಾಗಿನ ಊನ ಅವರ ಅಳತಿಗೆ ಸಾಲಂಗಿಲ್ಲಂತ. ಈ ಓಟದಾಗ ನೀನು ಓಡಾಂಗಿಲ್ಲ."

"ಮುಂದಿನ ಸಲ?"

"ಮುಂದಿನ ಸಲನೂ ಇಲ್ಲ."

ಕೈ ದುರ್ಬಲವಿರುವವರ ನಾನೂರು ಮೀಟರಿನಲ್ಲಿ ಅವಳು ದೇಶಕ್ಕೆ ಎರಡನೆಯವಳಾಗಿ ಬಂದು ಇಲ್ಲಿಗೆ ಆಯ್ಕೆಯಾಗಿದ್ದಳು. ಮರುದಿನ ಆ ಓಟವನ್ನು ಗ್ಯಾಲರಿಯಲ್ಲಿ ಕೂತು ನೋಡಿದಳು. ಅಳು ಬರಬಹುದು ಎಂದು ಕಾದಳು. ಬರಲಿಲ್ಲ. ಯಾರೋ ಕೊಟ್ಟ ಬಾಳೆಹಣ್ಣು ತಿಂದಳು.

ವಿಮಾನದಲ್ಲಿ ಗಾಳೆಪ್ಪ ತಾನಾಗಿಯೇ ಮಾತಿಗಿಳಿದ. ಅವನು ಸಿರುಗುಪ್ಪದವನು, ಪೋಲಿಯೋ ಆದ ಕಾಲು, ಒಂದು ಕಾಲಕ್ಕೆ ಗುಂಡು ಎಸೆಯುತ್ತಿದ್ದ.

"ಎಪ್ಪತ್ತೆರಡರ ಪ್ಯಾರಾಲಿಂಪಿಕ್ಸಿನ್ಯಾಗ ನಮ್ಮ ದೇಶಕ್ಕ ಈಜಿನ್ಯಾಗ ಚಿನ್ನ ಬಂತು. ಎಂಬತ್ನಾಕರಾಗ ನಾಕು ಪದಕ. ಆಮ್ಯಾಲ ಇಪ್ಪತ್ತು ವರ್ಷ ಏನೇನೂ ಇಲ್ಲ. ನಾನು ಹೊರದೇಶಕ್ಕ ಹೋಗಿದ್ದು ಆ ಇಪ್ಪತ್ತು ವರ್ಷದ ನಡುವ. ನನ್ನ ಕಾಲು ನೋಡಿದ್ದ ತಡ, ಆತು, ಆಡು ಹೋಗು ಅಂದ್ರು. ಎಸೆದೆ, ಎಲ್ಲಾರಕಿಂತ ಕಡೀಗೆ ಬಂದೆ. ಊರಾಗ ಯಾರೂ ಕೇಳಲಿಲ್ಲ. ಈಗ ನೋಡು, ಪ್ಯಾರಿಸ್‌ನ್ಯಾಗ ಇಪ್ಪತ್ತೊಂಬತ್ತು ಪದಕ."

ನೀಲಾವತಿ ಹ್ಞೂಂ ಎಂದಳು. ಅವನು ಸಮಾಧಾನ ಹೇಳುತ್ತಿದ್ದಾನೋ ತನ್ನ ಕಥೆ ಹೇಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ.

ಕುರುಗೋಡಿನ ಮನೆಯಲ್ಲಿ ತಾಯಿ ಹೊನ್ನೂರಮ್ಮ ಬಾಗಿಲಲ್ಲೇ ನಿಂತಿದ್ದಳು.

"ಯಾಕ ಓಡಲಿಲ್ಲಂತ?"

"ನನ್ನ ಕೈ ಅಷ್ಟೇನೂ ಕೆಟ್ಟಿಲ್ಲಂತ, ಅವ್ವ. ಡಾಕ್ಟ್ರು ಹೇಳಿದ್ರು."

ಹೊನ್ನೂರಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೆರಿಗೆ ಕಷ್ಟವಾಗಿ, ಕೂಸಿನ ಕೈ ಹಿಡಿದು ಎಳೆದು ತೆಗೆದಿದ್ದರು. ಸೊಸೆ ಸರಿಯಾಗಿ ಮುಕ್ಕರಿಸಲಿಲ್ಲ, ಅದಕ್ಕೇ ಹೀಗಾಯಿತು ಎಂದು ಅತ್ತೆ ಸಾಯುವವರೆಗೂ ಆಡಿದ್ದಳು. ಹೊನ್ನೂರಮ್ಮನೂ ಅದನ್ನೇ ನಂಬಿದ್ದಳು.

"ಫಾರಿನ್ ಡಾಕ್ಟ್ರು ಹೇಳಿದ್ರೇನು? ಕೈ ಚಲೋ ಐತಿ ಅಂತ?" ಎಂದು ಮಗಳ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾ ತಿಕ್ಕಿದ ಎಣ್ಣಿ ಹುಸಿ ಹೋಗಲಿಲ್ಲ ನೋಡು."

ಹಾಗಲ್ಲ ಅವ್ವ ಎನ್ನಲು ನೀಲಾವತಿ ಬಾಯಿ ತೆರೆದಳು. ತಾಯಿಯ ಮುಖ ನೋಡಿ, ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದಳು. ಸಂಜೆ ಹೊನ್ನೂರಮ್ಮ ದೊಡ್ಡ ಬಸವೇಶ್ವರನಿಗೆ ಕಾಯಿ ಒಡೆಸಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಪದಕ ಬಂದಿರಬೇಕು ಎಂದುಕೊಂಡು ಕೆಲವರು ನೋಡಲು ಬಂದರು.

ಮರುದಿನ ಬೆಳಿಗ್ಗೆ ನೀಲಾವತಿ ಬಾಚಣಿಗೆ ಹಿಡಿದು ತಾಯಿಯ ಮುಂದೆ ಕೂತಳು. ಸಣ್ಣವಳಿದ್ದಾಗಿನಿಂದ ಅವಳ ಜಡೆ ತಾಯಿಯೇ ಹಾಕುತ್ತಿದ್ದಳು.

"ಇನ್ನ ನೀನ ಹಾಕ್ಕೋ, ನೀಲಾ. ರೂಢಿ ಆಗಲಿ" ಎಂದು ಹೊನ್ನೂರಮ್ಮ ನಗುತ್ತ ಒಲೆಯ ಕಡೆ ಹೋದಳು.

ಎಡಗೈ ಕತ್ತಿನ ಹಿಂದೆ ಹೋಗಲಿಲ್ಲ. ತಲೆ ಬಗ್ಗಿಸಿ ನೋಡಿದಳು, ಮೊಣಕೈಯನ್ನು ಗೋಡೆಗೆ ಒತ್ತಿ ನೋಡಿದಳು. ಕೂದಲನ್ನು ಒಂದೇ ಕೈಯಲ್ಲಿ ರಬ್ಬರಿಗೆ ಸಿಕ್ಕಿಸಿಕೊಂಡು ಎದ್ದಳು. ಹೀಗೇ ಕೆಲವು ದಿನ ನಡೆಯಿತು. ಒಂದು ದಿನ ಬಳ್ಳಾರಿಗೆ ಬಸ್ಸು ಹತ್ತಿ, ಒಂದು ಬ್ಯೂಟಿ ಪಾರ್ಲರಿಗೆ ಹೋಗಿ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು. ಪಾರ್ಲರಿನವಳು ಅಷ್ಟು ಉದ್ದದ ಕೂದಲಿಗೆ ಮರುಗಿದಳು. ನೀಲಾವತಿಗೆ ಏನೂ ಅನ್ನಿಸಲಿಲ್ಲ.

ಹೊನ್ನೂರಮ್ಮ ನೋಡಿದವಳೇ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಯಾಕ ಕತ್ತರಿಸಿದಿ?"

"ಕೈ ಹಿಂದಕ್ಕ ಹೋಗಂಗಿಲ್ಲ, ಅವ್ವ."

"ಆ ಡಾಕ್ಟ್ರು ಹೇಳಿದ್ದು?"

"ಕೈಯಾಗಿನ ಊನ ಅವ್ರ ಆಟಕ್ಕ ಸಾಲಂಗಿಲ್ಲ ಅಂದ್ರು. ಚಲೋ ಐತಿ ಅನ್ನಲಿಲ್ಲ."

ಹೊನ್ನೂರಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ರಾತ್ರಿ ಊಟವಾದ ಮೇಲೆ ಎಣ್ಣೆ ಬಿಸಿ ಮಾಡಿ ತಂದು ಮಗಳ ಭುಜ ತಿಕ್ಕತೊಡಗಿದಳು. ಇಬ್ಬರೂ ಟಿವಿ ನೋಡುತ್ತಿದ್ದರು.

ಮಳೆಗಾಲದಲ್ಲಿ ಗಾಳೆಪ್ಪ ಫೋನ್ ಮಾಡಿದ. ಕೊಳಗಲ್ಲಿನ ಸುನಂದಾ ಎಂಬ ಹುಡುಗಿಗೆ ಕಣ್ಣು ಕಾಣುವುದಿಲ್ಲ, ಚೆನ್ನಾಗಿ ಓಡುತ್ತಾಳೆ, ಜೊತೆಗೆ ಓಡಿ ದಾರಿ ತೋರಿಸುವವರು ಬೇಕು ಎಂದ. "ಅದಕ್ಕ ಯಾವ ಪರೀಕ್ಷೇನೂ ಇಲ್ಲ. ಬರ್ತಿಯೇನು?"

"ಬರ್ತೀನ್ರಿ" ಎಂದಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ಬಳ್ಳಾರಿಯ ಮೈದಾನದಲ್ಲಿ ಸುನಂದಾಳ ಬಲಗೈಗೂ ನೀಲಾವತಿಯ ಎಡಗೈಗೂ ನಡುವೆ ಗೇಣುದ್ದದ ಹಗ್ಗ ಕಟ್ಟಿ ಓಡಿಸಿದರು. ಒಂದು ಸುತ್ತು ಮುಗಿದಾಗ ಸುನಂದಾ ಏದುಸಿರಿನಲ್ಲೇ ಕೇಳಿದಳು.

"ಅಕ್ಕಾ, ಮೊದಲಿನಾಕಿ ಬಾಳ ಜಗ್ಗತಿದ್ಲು. ನೀ ಯಾಕ ಜಗ್ಗಂಗಿಲ್ಲ?"

"ಜಗ್ಗಾಕ ಬರಂಗಿಲ್ಲ. ಈ ಕೈ ಹುಟ್ಟಿದಾಗಿಂದ ಸರಿ ಇಲ್ಲ."

"ಹೌದಾ," ಎಂದಳು ಸುನಂದಾ. "ಇನ್ನೊಂದು ಸುತ್ತು ಹೋಗೋಣೇನು?"

ದಸರಾ ಕಳೆದ ಮೇಲೆ ಬೆಂಗಳೂರಿನಲ್ಲಿ ನಡೆದ ರಾಜ್ಯದ ಕೂಟದಲ್ಲಿ ಸುನಂದಾ ಮೂರನೆಯವಳಾಗಿ ಬಂದಳು. ಕಂಚು ಕೊರಳಿಗೆ ಹಾಕಿಸಿಕೊಂಡು, ಅದನ್ನು ಬೆರಳಲ್ಲಿ ಸುತ್ತಲೂ ತಡವಿ ನೋಡುತ್ತಿದ್ದಳು. ಗಾಳೆಪ್ಪ ಫೋಟೋ ತೆಗೆದ.

"ಅಕ್ಕಾ, ನಿನಗ ಖುಷಿ ಆತೇನು?"

ನೀಲಾವತಿ ಯೋಚಿಸಿದಳು.

"ಹಸಿವಾಗೈತಿ" ಎಂದಳು. ಸುನಂದಾಳ ಕೈಯನ್ನು ತನ್ನ ತೋಳಿನ ಮೇಲೆ ಇರಿಸಿಕೊಂಡು ಊಟದ ಪೆಂಡಾಲಿನ ಕಡೆ ನಡೆದಳು.