ಆರನೇ ಕ್ಲಾಸಿಗೆ ಬಿದ್ದ ಸಂಬಳ

ಎರಡು ಕಡೆ ದುಡಿದರೆ ಕೈಗೆ ಹೆಚ್ಚು ಬರಬೇಕು ತಾನೇ? ಜರ್ಮನಿಯ ನ್ಯೂರೆಂಬರ್ಗಿನ ಮೇಘಾಳಿಗೆ ಹಾಗಾಗಲಿಲ್ಲ.

ಮೇಘಾ ವಾರವಿಡೀ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಆದರೆ ಅವಳ ಜೀವವೆಲ್ಲ ಹೊಲಿಗೆಯಲ್ಲಿ. ನಾಟಕಶಾಲೆಯೊಂದರಲ್ಲಿ ಪಾತ್ರಧಾರಿಗಳ ಉಡುಪು ಹೊಲಿಯುವ ಶನಿವಾರದ ಕೆಲಸ ಸಿಕ್ಕಾಗ ಅವಳು ಕುಣಿದಾಡಿದ್ದಳು. ಮೊದಲ ಸಂಬಳವೂ ಬಂತು. ಅದೇ ತಿಂಗಳು ಲ್ಯಾಬಿನ ಸಂಬಳ ದಬಕ್ಕನೆ ಇಳಿಯಿತು. ಎರಡನ್ನೂ ಕೂಡಿಸಿದರೂ ಮೊದಲಿಗಿಂತ ಹೆಚ್ಚೇನೂ ಇರಲಿಲ್ಲ.

ಭಾನುವಾರ ಪರಿಚಯದ ಅನಸೂಯ ಊಟಕ್ಕೆ ಬಂದಿದ್ದರು. ಮೈಸೂರು ಕಡೆಯ ವಿಜ್ಞಾನಿ, ಜರ್ಮನಿಗೆ ಬಂದು ದಶಕಗಳೇ ಕಳೆದಿವೆ. ಅವರೆದುರು ಮೇಘಾಳ ಗಂಡ ಬಸವಪ್ರಸಾದ ನಗುತ್ತಾ ಹೇಳಿದ:

"ನಮ್ಮ ಮೇಘಾ ಶನಿವಾರ ಸರಕಾರಕ್ಕ ಅಂಗಿ ಹೊಲಿಯಾಕ ಹೊಕ್ಕಾಳ್ರಿ ಅಕ್ಕಾರ. ದುಡದದ್ದೆಲ್ಲಾ ತೆರಿಗಿಗೇ ಹೊಕ್ಕೈತಿ. ಬಿಟ್ಟಬಿಡು ಅಂದ್ರ ಕೇಳವಲ್ಲಳು."

ಮೇಘಾ ಸಾರಿನ ಪಾತ್ರೆಯನ್ನು ಟೇಬಲ್ ಮೇಲೆ ಕುಕ್ಕಿದಳು.

"ನಗಬ್ಯಾಡ್ರಿ. ದುಡಿಯಾಕಿ ನಾನು. ಯಾಕ ಕಡಿಮಿ ಬಂತಂತ ಒಮ್ಮೆರ ಕೇಳಿರೇನು? ಬಿಡು ಅನ್ನೂದೊಂದ ಗೊತ್ತು ನಿಮಗ!"

ಅನಸೂಯ ನಗಲಿಲ್ಲ. "ಸಂಬಳದ ಚೀಟಿ ತೋರ್ಸು ಮೇಘಾ," ಎಂದು ಕೇಳಿ, ಚೀಟಿಯನ್ನು ಓದಿದರು. "ಲ್ಯಾಬಿನ ಕೆಲಸಕ್ಕೆ ನಿನ್ನ ಟ್ಯಾಕ್ಸ್ ಕ್ಲಾಸು, ಅಂದ್ರೆ ತೆರಿಗೆ ಮುರಿಯೋ ದರ್ಜೆ, ನಾಲ್ಕಿತ್ತಲ್ಲ? ಈಗ ಆರಾಗಿದೆ ನೋಡು."

"ಎರಡು ಕೆಲಸ ಇದ್ರ ಆರು ಬರೂದಲ್ರಿ?" ಎಂದ ಬಸವಪ್ರಸಾದ.

"ಬರುತ್ತೆ, ಆದ್ರೆ ಎರಡನೇ ಕೆಲಸಕ್ಕೆ! ತೆರಿಗೆ ವಿನಾಯಿತಿ ಸಿಗೋದು ಒಂದೇ ಕೆಲಸಕ್ಕೆ. ಅದನ್ನ ದೊಡ್ಡ ಸಂಬಳಕ್ಕೆ ಇಟ್ಕೋಬೇಕು. ಆರನೇ ಕ್ಲಾಸಲ್ಲಿ ಮೊದಲ ಯೂರೋದಿಂದಲೇ ಕತ್ತರಿ. ನಾಟಕದವ್ರು ತಮ್ಮದೇ ಮುಖ್ಯ ಕೆಲಸ ಅಂತ ನೋಂದಾಯಿಸಿಬಿಟ್ಟಿದ್ದಾರೆ. ಅದಕ್ಕೇ ಲ್ಯಾಬು ತಾನಾಗಿ ಆರಕ್ಕೆ ಬಿದ್ದಿದೆ."

ಮೇಘಾಳ ಮುಖ ಕೆಂಪಾಯಿತು. "ನನ್ನ ಒಂದ ಮಾತೂ ಕೇಳದ ಹಾಕ್ಯಾರ?"

ಸೋಮವಾರ ಲ್ಯಾಬು ಮುಗಿಸಿ ನೇರವಾಗಿ ನಾಟಕಶಾಲೆಯ ಕಚೇರಿಗೆ ಹೋದಳು. ಅಲ್ಲಿಯ ಹೆಂಗಸು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ನಾವು ಎಲ್ಲರಿಗೂ ಹಾಗೇ ಹಾಕುತ್ತೇವೆ. ಮುಂದಿನ ವರ್ಷ ತೆರಿಗೆ ಲೆಕ್ಕ ಕೊಟ್ಟರೆ ಹಣ ವಾಪಸ್ ಬರುತ್ತದಲ್ಲ."

"ಅಲ್ಲಿಯವರೆಗೆ ನನ್ನ ಮನೆಯ ಬಾಡಿಗೆ ನೀವು ಕಟ್ಟುತ್ತೀರಾ?" ಮೇಘಾಳ ದನಿ ಏರಿತು. ಇಷ್ಟು ಗಟ್ಟಿಯಾಗಿ ಅವಳು ಜರ್ಮನ್ ಮಾತಾಡಿದ್ದು ಅದೇ ಮೊದಲು. "ಇದು ನನ್ನ ನೇಬೆನ್‌ಜಾಬ್, ಎರಡನೇ ಕೆಲಸ. ಲ್ಯಾಬೇ ಮುಖ್ಯ. ನಾನಿಲ್ಲಿ ಇರುವಾಗಲೇ ತಿದ್ದಿ."

ಹೆಂಗಸು ತಿದ್ದಿದಳು. ಮೇಘಾ ಲ್ಯಾಬಿನ ಸಂಬಳ ವಿಭಾಗಕ್ಕೂ ತಿಳಿಸಿದಳು. ಮುಂದಿನ ತಿಂಗಳು ಲ್ಯಾಬಿನ ಸಂಬಳ ನಾಲ್ಕನೇ ಕ್ಲಾಸಿಗೆ ಮರಳಿತು, ಹಿಂದೆ ಹೆಚ್ಚಾಗಿ ಮುರಿದುಕೊಂಡಿದ್ದ ತೆರಿಗೆಯೂ ಕೈಸೇರಿತು. ಆರನೇ ಕ್ಲಾಸಿಗೆ ಹೋದ ನಾಟಕದ ಸಂಬಳ ಈಗ ಸ್ವಲ್ಪ ಕಡಿಮೆ. ಆದರೂ ಎರಡೂ ಸೇರಿದಾಗ ಶನಿವಾರದ ದುಡಿಮೆ ಕಣ್ಣಿಗೆ ಕಾಣುತ್ತದೆ.

ಬಸವಪ್ರಸಾದ ಸಂಬಳದ ಚೀಟಿ ನೋಡಿದ. "ತಪ್ಪಾತು ಮೇಘಾ. ತಿಳ್ಕೊಳ್ಳದ ಆಡಿಕೊಂಡೆ. ನಮ್ಮ ಆಫೀಸಿನ ಶೈಲೇಶನೂ ಸಂಜಿಗೆ ಇನ್ನೊಂದು ಕೆಲಸ ಹಿಡಿದಾನ. ಅವಗ ಈಗ ಫೋನ್ ಮಾಡ್ತೀನಿ."

"ಮಾಡ್ರಿ," ಎಂದಳು ಮೇಘಾ. "ಆದ್ರ ಆಡಿಕೊಂಡು ನಗಬ್ಯಾಡ್ರಿ."

ಅಕ್ಕಂದಿರೇ, ಅಣ್ಣಂದಿರೇ, ಎರಡನೇ ಕೆಲಸಕ್ಕೆ ಸೇರುವ ದಿನವೇ ಬಾಯಿಬಿಟ್ಟು ಹೇಳಿ: "ಇದು ನನ್ನ ನೇಬೆನ್‌ಜಾಬ್." ಅದು ಮಿನಿಜಾಬ್, ಅಂದರೆ ನಿಗದಿತ ಮಿತಿಯೊಳಗಿನ ಸಣ್ಣ ಸಂಬಳದ ಕೆಲಸ, ಆಗಿದ್ದರೆ ತೆರಿಗೆಯನ್ನು ಯಾರು, ಹೇಗೆ ಕಟ್ಟುತ್ತಾರೆ ಎಂದು ಮೊದಲೇ ಕೇಳಿ. ಎರಡೂ ಸಂಬಳದ ಚೀಟಿಗಳಲ್ಲಿ ಷ್ಟಾಯರ್‌ಕ್ಲಾಸೆ (ಟ್ಯಾಕ್ಸ್ ಕ್ಲಾಸು) ಎಂದಿರುವ ಕಡೆ ಕಣ್ಣಾಡಿಸಿ. ದೊಡ್ಡ ಸಂಬಳದ ಚೀಟಿಯಲ್ಲಿ ಆರು ಕಂಡರೆ ಅಂದೇ ಹೋಗಿ ಕೇಳಿ. ಆರನೇ ಕ್ಲಾಸಿನ ಕೆಲಸವಿದ್ದವರು ವರ್ಷದ ತೆರಿಗೆ ಲೆಕ್ಕ ಸಲ್ಲಿಸಲೇಬೇಕು, ಅದನ್ನೂ ಮರೆಯಬೇಡಿ. ದುಡಿಯುವವರು ನೀವು. ಯಾವುದು ನಿಮ್ಮ ಮುಖ್ಯ ಕೆಲಸ ಎಂದು ಹೇಳಬೇಕಾದವರೂ ನೀವೇ.