ಅತಿಥಿಗಳಿಗಿಂತ ಮೊದಲು ಬಂದ ಆಮೆ

“ಕಣ್ಣು ಎಲ್ಲಿಟ್ಕೊಂಡಿದ್ದೀರ, ಕತ್ತೆ ಮುಂಡೇವಾ? ನಿನ್ನೆ ಎಸೀರಿ ಅಂದ ಸತ್ತ ಆಮೆ ಮತ್ತೆ ಇಲ್ಲೇ ಬಿದ್ದಿದೆ.”

ಮೇಸ್ತ್ರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬೈಯುತ್ತಿದ್ದ. ಅತ್ತೆ ಪೊರಕೆ ಊರಿ ನಿಂತರು.

“ಎಸೆದ್ವಿ ಸ್ವಾಮಿ. ಸಮುದ್ರ ತಗೊಳ್ಳಿಲ್ಲ.”

ಹೋಟೆಲಿನ ಮುಂದಿನ ಮರಳು ಗುಡಿಸುವುದು ಅತ್ತೆ ಸೊಸೆಯರಾದ ನಮ್ಮಿಬ್ಬರ ಕೆಲಸ. ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ. ಕಸ ಸಾಗಿಸಲು ಹೋಟೆಲಿನವರು ಲಾರಿ ಕೊಡುತ್ತಿರಲಿಲ್ಲ. ಬಂಡೆಯ ಹಿಂದೆ ಹೋಗಿ ನೀರಿಗೆ ಸುರಿಯಬೇಕು. ಉಬ್ಬರ ಬಂದಾಗ ಅದೇ ಬಾಟಲಿ, ಅದೇ ಚೀಲ ದಡಕ್ಕೆ ಮರಳುತ್ತಿದ್ದವು. ನೀಲಿ ಬಣ್ಣದ ಒಂಟಿ ಚಪ್ಪಲಿಯೊಂದನ್ನು ಅತ್ತೆ ನೆಂಟನೆಂದೇ ಕರೆಯುತ್ತಿದ್ದರು. “ಬಂದ ನೋಡೇ, ಊಟದ ಹೊತ್ತಿಗೆ ಸರಿಯಾಗಿ.”

ಆಮೆಯ ಬಾಯಿಂದ ಪ್ಲಾಸ್ಟಿಕ್ ಚೀಲದ ತುದಿ ಇಣುಕುತ್ತಿತ್ತು. ನಾನು ಎಳೆದೆ. ಚೀಲದ ಮೇಲೆ ಅಚ್ಚಾಗಿದ್ದ ಹೋಟೆಲಿನ ಅರ್ಧ ಹೆಸರು ಹೊರಗೆ ಬಂತು. ಉಳಿದರ್ಧ ಒಳಗೇ ಉಳಿಯಿತು.

ಆ ದಿನ ‘ಕಡಲ ಜೀವಿಗಳನ್ನು ಉಳಿಸಿ’ ಎಂದು ಹೋಟೆಲಿನವರೇ ಸಭೆ ಇಟ್ಟಿದ್ದರು. ಮರಳಿನ ಮೇಲೆ ಶಾಮಿಯಾನ ಎದ್ದಿತ್ತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಗೆಂದು ಬಿಳಿ ಬಟ್ಟೆ ಹೊದೆಸಿದ ಸೋಫಾ.

“ಅತಿಥಿಗಳು ಕಸ ಹೆಕ್ತಾರೆ, ಫೋಟೋ ಇದೆ,” ಎಂದ ಮೇಸ್ತ್ರಿ. “ಒಂದಷ್ಟು ಬಾಟ್ಲಿ ಸೋಪು ಹಾಕಿ ತೊಳೆದು, ಒಣಗ್ಸಿ, ಅಲ್ಲಲ್ಲಿ ಇಡಿ. ವಾಸ್ನೆ ಬರಬಾರ್ದು.”

“ಕಸ ತೊಳೀಬೇಕಾ?” ಎಂದೆ.

“ತೊಳಿ ಅಂದ್ರೆ ತೊಳಿ. ನಿನ್ನ ಬುದ್ಧಿ ಯಾರು ಕೇಳಿದ್ರು? ಆಮೇಲೆ ಆ ಹೆಣ ಯಾರ ಕಣ್ಣಿಗಾದ್ರೂ ಬಿತ್ತೋ, ನಾಳೆಯಿಂದ ಇಬ್ರೂ ಈ ಕಡೆ ತಲೆ ಹಾಕ್ಬೇಡಿ.”

ಬಾಟಲಿ ಉಜ್ಜುತ್ತಾ ಅತ್ತೆ, “ನನ್ನ ಮದ್ವೇಲಿ ಪಾತ್ರೆನೂ ಇಷ್ಟು ಹೊಳೀತಿರ್ಲಿಲ್ಲ ಕಣೆ” ಎಂದರು.

ಆಮೆಯನ್ನು ಕಸದ ತಳ್ಳುಗಾಡಿಗೆ ಹಾಕಿ ಬಂಡೆಯ ಕಡೆಗೆ ಹೊರಟೆವು. ಅರ್ಧ ದಾರಿಯಲ್ಲಿ ಅತ್ತೆ ಗಾಡಿ ನಿಲ್ಲಿಸಿದರು.

“ಕಡಲ ಜೀವಿಗಳ ಸಭೆ ಅಂತೆ. ಕಡಲಿಂದ ಒಬ್ರೂ ಬರದಿದ್ರೆ ಚೆನ್ನಾಗಿರ್ತದಾ?”

“ಬೇಡ ಅತ್ತೆ. ಕೆಲ್ಸ ಹೋಗ್ತದೆ.”

“ಹೋಗ್ಲಿ. ಉಬ್ಬರ ಬಂದಾಗ ಅದೂ ವಾಪಸ್ ಬರ್ತದೇನೋ ನೋಡೋಣ.”

ನನಗೆ ಭಯಕ್ಕಿಂತ ಮೊದಲು ನಗು ಬಂತು. ಗಾಡಿ ತಿರುಗಿಸಿದೆ.

ಎಲ್ಲರೂ ಅತಿಥಿಗಳನ್ನು ಎದುರುಗೊಳ್ಳಲು ಗೇಟಿನ ಬಳಿ ನಿಂತಿದ್ದರು. ನಾವಿಬ್ಬರೂ ಏದುಸಿರು ಬಿಡುತ್ತಾ ಆಮೆಯನ್ನೆತ್ತಿ ಸೋಫಾದ ನಟ್ಟನಡುವೆ ಕೂರಿಸಿದೆವು. ಅದರ ತಲೆ ಒಂದು ಪಕ್ಕಕ್ಕೆ ವಾಲಿತು. ಅತ್ತೆ ದಿಂಬು ಕೊಟ್ಟರು.

ಕೈಗವಸು ತೊಟ್ಟ ಮುಖ್ಯ ಅತಿಥಿ ಶಾಮಿಯಾನದೊಳಗೆ ಬಂದು ತಮ್ಮ ಸೋಫಾ ನೋಡಿ ನಿಂತುಬಿಟ್ಟರು. ಹಿಂದಿನಿಂದ ಓಡಿಬಂದ ಮೇಸ್ತ್ರಿ ಹಲ್ಲು ಕಡಿದ. “ತೆಗೀರೇ ಅದನ್ನ, ಹಾಳು ಮುಂಡೇವಾ.”

ಅತ್ತೆ ಅವನತ್ತ ನೋಡಲಿಲ್ಲ. ಆಮೆಯ ಚಿಪ್ಪಿನ ಒಂದು ಬದಿಗೆ ಕೈಹಾಕಿ ಆ ಅತಿಥಿಗೆ ಹೇಳಿದರು:

“ನೀವು ಆ ಕಡೆ ಹಿಡ್ಕೊಳ್ಳಿ ಸ್ವಾಮಿ. ಭಾರ ಇದೆ.”